ಹತ್ತೊಂಬತ್ತರ ಚೀಟಿ

ಹರಿಣಾಕ್ಷಿಯ ಬೆರಳುಗಳು ಅವಳ ಒಂಬತ್ತನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದವು. ಕಾಪುವಿನ ಬಳಿಯ ಮನೆಯ ಜಗಲಿಯಲ್ಲಿ ತಾಯಿ ಬೀಡಿಯ ಗೆರಸೆಯನ್ನು ಅವಳ ಕಡೆಗೆ ಅರ್ಧ ತಿರುಗಿಸಿ, ಸುತ್ತಿದ ಬೀಡಿಯ ತುದಿ ಮಡಚುವ ಕೆಲಸವನ್ನು ಒಪ್ಪಿಸಿದ್ದಳು. ಹನ್ನೆರಡಕ್ಕೆ ಎಲೆ ಕತ್ತರಿಸಿದಳು, ಹದಿನಾಲ್ಕಕ್ಕೆ ತಾನೇ ಸುತ್ತಿದಳು. ಕರೆಂಟು ಹೋದಾಗಲೂ ಕೈ ನಿಲ್ಲುತ್ತಿರಲಿಲ್ಲ. ಬೀಡಿಯ ಹೊಟ್ಟೆ ಸಡಿಲವೋ ಬಿಗಿಯೋ ಎಂಬುದು ಹೆಬ್ಬೆರಳಿಗೂ ತೋರುಬೆರಳಿಗೂ ಕತ್ತಲಲ್ಲೇ ತಿಳಿಯುತ್ತಿತ್ತು. ಬೀಡಿ ಕೊಳ್ಳುವ ಬ್ರಾಂಚಿನ ಚೆಕ್ಕರ್ ಆ ಮನೆಯ ಕಟ್ಟುಗಳನ್ನು ಬಿಚ್ಚಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ಕಟ್ಟುಗಳಿಗೆ ಅವಳ ಹೆಸರಿರಲಿಲ್ಲ. ಮನೆಗಿದ್ದುದು ಬೀಡಿಯ ಲೆಕ್ಕ ಬರೆಯುವ ಒಂದೇ ಪಾಸುಪುಸ್ತಕ, ಅದು ಅಕ್ಕನ ಹೆಸರಿನಲ್ಲಿತ್ತು. ಅಕ್ಕ ಸುತ್ತಿದ್ದು, ತಂಗಿ ಸುತ್ತಿದ್ದು ಒಂದೇ ಚೀಲದಲ್ಲಿ ಬ್ರಾಂಚಿಗೆ ಹೋಗುತ್ತಿತ್ತು. ಸುತ್ತಮುತ್ತಲಿನ ಮನೆಗಳಲ್ಲೆಲ್ಲ ಹಾಗೆಯೇ ನಡೆಯುತ್ತಿದ್ದುದರಿಂದ ಅದರಲ್ಲಿ ತಪ್ಪೇನಾದರೂ ಇರಬಹುದೆಂದು ಯಾರೂ ಯೋಚಿಸಿರಲಿಲ್ಲ. ಇಪ್ಪತ್ತೊಂದು ವರ್ಷಗಳ ಮೇಲೆ ಬ್ರಾಂಚು ಮುಚ್ಚಿದಾಗ ಪಿಂಚಣಿಯ ಕಾಗದ ಅಕ್ಕನ ಹೆಸರಿಗೆ ಬಂತು. ಅಕ್ಕ ಕೆಟ್ಟವಳಲ್ಲ. ತಂಗಿಗೊಂದು ಸೀರೆ ತಂದುಕೊಟ್ಟಳು. ಆ ಸೀರೆಯನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು, ಮೂವತ್ತು ತುಂಬಿದ, ಮದುವೆಯ ಮಾತುಗಳೆಲ್ಲ ಮುಗಿದಿದ್ದ ಹರಿಣಾಕ್ಷಿ ಮನೆಗೆಲಸದ ವೀಸಾದಲ್ಲಿ ಕುವೈತಿಗೆ ಬಂದಳು.

ಒಂಬತ್ತು ವರ್ಷ ಒಂದು ಮನೆಯಲ್ಲಿ ಪಾತ್ರೆ ತೊಳೆದಳು. ಆ ಮನೆಯ ಮಕ್ಕಳು ದೊಡ್ಡವರಾದ ಮೇಲೆ ವೀಸಾದ ಯಜಮಾನ ಕಫೀಲ್ ಸಮಾಧಾನದಿಂದಲೇ ಬೇರೆ ಕಡೆ ಕೆಲಸಕ್ಕೆ ರಿಲೀಸ್ ಕೊಟ್ಟ. ಹಾಗೆ ಅವಳು ಶುವೈಖ್‌ನ ಸಿಹಿತಿಂಡಿ ಕಂಪನಿಯೊಂದರ ಅಡುಗೆಮನೆಯನ್ನು ಸೇರಿ ಈಗ ಮತ್ತೆ ಒಂಬತ್ತು ವರ್ಷವಾಗಿದೆ. ವಾಸ ಮೈದಾನ್ ಹವಲ್ಲಿಯಲ್ಲಿ. ಪ್ಲೈವುಡ್ಡಿನಿಂದ ಮೂರಾಗಿ ಸೀಳಿದ ಕೋಣೆಯ ಕಿಟಕಿಯಿಲ್ಲದ ಭಾಗ. ಹಲಗೆಯ ಆಚೆಗೆ ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಕೆಲಸ ಮಾಡುವ ಶಿರ್ವದ ರೆಜಿನಾಬಾಯಿ ಇದ್ದಾಳೆ.

ಬೇಸಿಗೆ ಎಂದರೆ ಆ ಕಂಪನಿಗೆ ಬ್ಲೂಬೆರಿ. ಹೊರಗೆ ತಾಪಮಾನ ನಲವತ್ತೊಂಬತ್ತನ್ನು ಮುಟ್ಟಿದ ಜೂನಿನಲ್ಲಿ, ತಣ್ಣನೆಯ ದೇಶಗಳ ಹೊಲಗಳಿಂದ ಕಿತ್ತ ಹಣ್ಣು ವಿಮಾನದಲ್ಲಿ ಬಂದಿಳಿಯುತ್ತದೆ. ಶರ್ಕ್‌ನ ಮಾಲಿನ ಮಳಿಗೆಯಲ್ಲಿ ಅದು ಚೀಸ್‌ಕೇಕಿನ ಮೇಲೆ, ಟಾರ್ಟಿನೊಳಗೆ, ಕುನಾಫದ ನೆತ್ತಿಯ ಮೇಲೆ ಕುಳಿತು ಗಾಜಿನ ಹಿಂದೆ ಗಿರಾಕಿಗಳನ್ನು ಕಾಯುತ್ತದೆ. ಆ ಎರಡರ ನಡುವೆ ಇರುವುದು ಶುವೈಖ್‌ನ ಶೀತಲ ಕೋಣೆ ಮತ್ತು ಅದರೊಳಗಿನ ಉದ್ದನೆಯ ಉಕ್ಕಿನ ಮೇಜು. ಪೆಟ್ಟಿಗೆ ಬಿಚ್ಚಿ, ತೊಟ್ಟು ತೆಗೆದು, ಮೆತ್ತಗಾದುದನ್ನು ಬೇರ್ಪಡಿಸಿ ಒಳ್ಳೆಯದನ್ನು ಟ್ರೇಯಲ್ಲಿ ಹರಡುವುದು ಆ ಮೇಜಿನ ಕೆಲಸ. ಮೆತ್ತಗಿನ ಹಣ್ಣು ಪಕ್ಕದ ಕೋಣೆಯ ಒಲೆಗೆ ಹೋಗಿ ಸಕ್ಕರೆಯೊಂದಿಗೆ ಕುದಿದು ರಸವಾಗುತ್ತದೆ. ಬೂಸ್ಟು ಹಿಡಿದದ್ದು ಕಸಕ್ಕೆ. ಪ್ರತಿ ಟ್ರೇಗೂ ಆರಿಸಿದವರ ನಂಬರಿನ ಚೀಟಿ ಅಂಟಿಸಬೇಕು. ದಿನಕ್ಕೆ ತಲಾ ನಲವತ್ತು ಟ್ರೇ ಆಗಬೇಕು. ಹರಿಣಾಕ್ಷಿಯ ನಂಬರು ಹದಿನಾಲ್ಕು.

ಮೇಜಿನ ಎದುರು ಬದಿಯ ಹತ್ತೊಂಬತ್ತು, ಉಳ್ಳಾಲದ ಬೀಫಾತಿಮಾ. ಇಪ್ಪತ್ತೆಂಟರ ಹುಡುಗಿ, ಎರಡು ವರ್ಷದ ಹಿಂದೆ ಬಂದಾಗ ಅವಳಿಗೆ ಹಣ್ಣು ಹಿಡಿಯುವುದೇ ತಿಳಿದಿರಲಿಲ್ಲ. ಬ್ಲೂಬೆರಿಯ ಮೈಮೇಲೆ ಬೂದಿಯಂಥ ತೆಳುವಾದ ಹುಡಿ ಇರುತ್ತದೆ. ಮುಟ್ಟಿದಷ್ಟೂ ಅದು ಅಳಿಯುತ್ತದೆ, ಅಳಿದರೆ ಹಣ್ಣು ಕಪ್ಪಗೆ ಹೊಳೆಯುತ್ತದೆ. ಹುಡಿ ಇದ್ದದ್ದು ತಾಜಾ ಎಂದೂ ಹೊಳೆಯುವುದು ಕೈ ತಾಗಿದ್ದೆಂದೂ ಗಿರಾಕಿಗೆ ಗೊತ್ತು. ಮೊದಲ ದಿನ ಬೀಫಾತಿಮಾ ಒಂದಿಡೀ ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿಟ್ಟಿದ್ದಳು.

“ಎಂತ ಮಾಡಿದೆ ಮಾರಾಯ್ತಿ!” ಎಂದಿದ್ದಳು ಹರಿಣಾಕ್ಷಿ.

“ಮದ್ದು ಹೊಡೆದಿದ್ದಾರಲ್ಲ ಅಕ್ಕ, ದ್ರಾಕ್ಷಿಗೆ ಹೊಡೆದ ಹಾಗೆ. ತಿಂದವರು ಸಾಯ್ಲಿಕ್ಕಿಲ್ವಾ?”

“ತಿಂದವರು ಸಾಯುದಿಲ್ಲ. ಒರೆಸಿದವಳು ಸಾಯ್ತಾಳೆ. ಆ ಟ್ರೇ ಇಲ್ಲಿ ಕೊಡು, ಯಾರೂ ನೋಡುವ ಮೊದಲು ಒಲೆಗೆ ಹಾಕುವ.”

ಅಂದಿನಿಂದ ಹರಿಣಾಕ್ಷಿ ಅವಳಿಗೆ ಕೈ ಕಲಿಸಿದಳು. ತೆಳ್ಳನೆಯ ಕೈಗವಸಿನೊಳಗಿಂದ ಎರಡು ಬೆರಳುಗಳ ನಡುವೆ ಹಣ್ಣನ್ನು ಒಂದೇ ಒಂದು ಸುತ್ತು ಹೊರಳಿಸಬೇಕು, ಒತ್ತಬಾರದು. ಬೀಡಿಯ ಹೊಟ್ಟೆ ನೋಡಿದ ಹಾಗೆ ಎಂದಾಗ ಬೀಫಾತಿಮಾಗೆ ತಟ್ಟನೆ ಅರ್ಥವಾಯಿತು, ಏಕೆಂದರೆ ಅವಳ ತಾಯಿಯೂ ಬೀಡಿಯವಳೇ. ಆಮೇಲೆ ಇಬ್ಬರಿಗೂ ಮಾತಿಗೆ ಕೊರತೆಯಾಗಲಿಲ್ಲ. ಶೀತಲ ಕೋಣೆಯ ಗೋಡೆಯ ಮೇಲೊಂದು ಚಿತ್ರವಿತ್ತು. ಹಸಿರು ಪೊದೆಯ ನಡುವೆ ಬುಟ್ಟಿ ಹಿಡಿದ ಬಿಳಿಯ ಮಗು, ಗಾಢ ನೀಲಿ ತುಟಿ, ನಗು. ಬೀಫಾತಿಮಾ ಒಮ್ಮೆ ಯಾರೂ ಇಲ್ಲದಾಗ ಎರಡು ಹಣ್ಣು ಬಾಯಿಗೆ ಹಾಕಿಕೊಂಡು ನಾಲಿಗೆ ಚಾಚಿದ್ದಳು.

“ನೋಡಿ ಅಕ್ಕ, ನೀಲಿ ಆಯ್ತಾ?”

“ಎಲ್ಲಿಯ ನೀಲಿ! ನಿನ್ನ ನಾಲಿಗೆ ಇದ್ದ ಹಾಗೇ ಉಂಟು, ಉದ್ದ.”

“ಹಾಗಾದ್ರೆ ಆ ಮಗುವಿಗೆ ಬಣ್ಣ ಬಳಿದದ್ದು. ಒಳಗೆ ಬರೀ ಹಸಿರು ನೀರು. ನಮ್ಮ ಗುಡ್ಡೆಯ ಕುಂಟಾಲ ಹಣ್ಣು ನಾಲ್ಕು ತಿಂದ್ರೆ ಸಾಕು, ಎರಡು ದಿನ ಉಮ್ಮನ ಹತ್ರ ಸುಳ್ಳು ಹೇಳ್ಲಿಕ್ಕೆ ಆಗ್ತಿರಲಿಲ್ಲ.”

ಬೆರಳುಗಳು ಸಾಯತೊಡಗಿದ್ದು ಯಾವಾಗ ಎಂದು ಹರಿಣಾಕ್ಷಿ ಖಚಿತವಾಗಿ ಹೇಳಲಾರಳು. ಶೀತಲ ಕೋಣೆಯಲ್ಲಿ ಕೈ ಜೋಮುಗಟ್ಟುವುದು ಎಲ್ಲರಿಗೂ ಇದ್ದದ್ದೇ. ಹೊರಬಂದು ಕಂಪನಿಯ ಬಸ್ಸಿನ ಕಾದ ಕಿಟಕಿಗೆ ಅಂಗೈ ಒತ್ತಿದರೆ ಅದು ಇಳಿಯುತ್ತಿತ್ತು. ಕಳೆದ ಚಳಿಗಾಲದಲ್ಲಿ ಇಳಿಯುವುದು ನಿಂತಿತು. ಒಂದು ಶುಕ್ರವಾರ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಾಗ ಬಿಳಿಯ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಕಾಣಿಸಿದವು. ಸೂಜಿ ತೋರುಬೆರಳಿನ ತುದಿಯಲ್ಲಿ ನೆಟ್ಟಗೆ ನಿಂತಿತ್ತು. ನೋವಿಗಾಗಿ ಅವಳು ಸ್ವಲ್ಪ ಹೊತ್ತು ಕಾದಳು. ಅದು ಬರಲಿಲ್ಲ.

“ಶುಗರ್ ಇರ್ಬೇಕು ಬಾಯಿ,” ಎಂದಳು ರೆಜಿನಾಬಾಯಿ, ಹಲಗೆಯ ಸಂದಿನಿಂದ ಇಣುಕಿ. “ನರ ಹೋಗ್ತದೆ. ನಮ್ಮ ವಾರ್ಡಿನಲ್ಲಿ ಅಂಥವರು ತುಂಬಾ ಜನ. ಬೇಗ ತೋರ್ಸಿ.”

ತೋರಿಸಿದಳು. ಸಕ್ಕರೆ ಕಾಯಿಲೆ ಹೌದು, ಮಾತ್ರೆಯೂ ಸಿಕ್ಕಿತು. ಹೋದ ಸ್ಪರ್ಶ ಮರಳಿ ಬರುವ ಖಾತರಿ ಇಲ್ಲ ಎಂದರು ವೈದ್ಯರು. ಅವಳಿಗೆ ಭಯವಾದದ್ದು ರೋಗದಿಂದಲ್ಲ, ಮೇಜಿನಿಂದ. ಸೆಪ್ಟೆಂಬರಿನಲ್ಲಿ ವಾಸದ ಪರವಾನಗಿಯಾದ ಇಕಾಮಾದ ನವೀಕರಣವಿತ್ತು. ಕಂಪನಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಪಟ್ಟಿ ಮಾಡುವುದು ಬೇಸಿಗೆಯ ಕೊನೆಗೆ. ಓದು ಇಲ್ಲ, ಭಾಷೆ ಇಲ್ಲ, ನಲವತ್ತೆಂಟು ವರ್ಷ. ಅವಳನ್ನು ಪಟ್ಟಿಯಲ್ಲಿ ಉಳಿಸುವಂಥದ್ದು ಬೆರಳು ಮಾತ್ರ. ಊರಿಗೆ ಹೋದರೆ ಇರುವುದು ಅಕ್ಕನ ಮನೆ, ಆ ಮನೆಯ ಸೊಸೆಯಂದಿರು, ಜಗಲಿಯ ಒಂದು ಮೂಲೆ.

ಹಣ್ಣಿನ ಮೆದುವನ್ನು ಬೆರಳು ಹೇಳದೇ ಇದ್ದುದರಿಂದ ಅವಳು ಒತ್ತತೊಡಗಿದಳು. ಹದಿನಾಲ್ಕರ ಟ್ರೇಗಳು ಹೊಳೆಯತೊಡಗಿದವು. ಮೇ ತಿಂಗಳಲ್ಲಿ ಗುಣಮಟ್ಟದ ಮೇಲ್ವಿಚಾರಕ ಜೋಸ್ವಿನ್ ಮೇಜಿನ ಬಳಿ ನಿಂತ. ಮಂಗಳೂರಿನಲ್ಲಿ ಓದಿದ, ಮೃದು ಮಾತಿನ ಯುವಕ. ಅಡುಗೆಮನೆಯಲ್ಲಿ ಕನ್ನಡ ಬಲ್ಲ ಸಾಹೇಬ ಅವನೊಬ್ಬನೇ.

“ಹರಿಣಕ್ಕ, ಏನಿದು? ಎಲ್ಲಾ ಶೈನ್ ಹೊಡೀತಾ ಇದೆ. ನಿಮ್ಮ ಟ್ರೇ ಅಂದ್ರೆ ನಾನು ಚೆಕ್ಕೇ ಮಾಡ್ತಿರಲಿಲ್ಲ.”

“ಈ ಸಲದ ಮಾಲೇ ಹಾಗೆ ಸರ್.”

ಎದುರಿನ ಹತ್ತೊಂಬತ್ತರ ಟ್ರೇಯಲ್ಲಿ ಅದೇ ಮಾಲು ಬೂದಿ ಬಳಿದುಕೊಂಡು ಕುಳಿತಿತ್ತು. ಜೋಸ್ವಿನ್ ಎರಡನ್ನೂ ನೋಡಿ ಮುಂದಕ್ಕೆ ಹೋದ. ಬೀಫಾತಿಮಾ ಮೇಜು ಸುತ್ತಿಕೊಂಡು ಬಂದು ಹರಿಣಾಕ್ಷಿಯ ಕೈಗವಸು ಎಳೆದು, ಬೆರಳ ತುದಿಗಳನ್ನು ಒಂದೊಂದಾಗಿ ಚಿವುಟಿದಳು.

“ಗೊತ್ತಾಗ್ತದಾ?”

“ಇಲ್ಲ.”

“ಇದು?”

“ಇಲ್ಲ ಮಾರಾಯ್ತಿ, ಬಿಡು.”

ಬೀಫಾತಿಮಾ ಕೈ ಬಿಡಲಿಲ್ಲ. “ನಿಮಗೆ ಕಣ್ಣು ಉಂಟಲ್ಲ? ನೀವು ಪೆಟ್ಟಿಗೆ ಬಿಚ್ಚಿ, ತೊಟ್ಟು ತೆಗೀರಿ, ಬೂಸ್ಟು ನೋಡಿ. ಹೊರಳಿಸುದು ನಾನು. ಒಟ್ಟು ಎಂಬತ್ತು ಟ್ರೇ, ಅರ್ಧಕ್ಕೆ ನಿಮ್ಮ ಚೀಟಿ, ಅರ್ಧಕ್ಕೆ ನನ್ನದು. ನಮ್ಮ ಮನೆಯಲ್ಲಿ ಉಮ್ಮ, ಮೂತ್ತಮ್ಮ, ಮಾಮಿ ಮೂವರಿಗೂ ಒಂದೇ ಪುಸ್ತಕ ಇತ್ತು. ಬ್ರಾಂಚಿನವನಿಗೆ ಬೀಡಿ ಬಂದ್ರೆ ಆಯ್ತು, ಕೈ ಯಾರದ್ದು ಅಂತ ಅವ ಕೇಳ್ತಾನಾ?”

ಕೇಳುವುದಿಲ್ಲ ಎಂದು ಹರಿಣಾಕ್ಷಿಗೂ ಗೊತ್ತಿತ್ತು. ಅವರ ಊರಿನ ಲೆಕ್ಕದಲ್ಲಿ ಅದು ಮೋಸವೇ ಅಲ್ಲ, ಒಪ್ಪಂದ ಎಂಬಷ್ಟು ದೊಡ್ಡ ಹೆಸರೂ ಅದಕ್ಕೆ ಬೇಡ. ಚೀಟಿಯ ಮೇಲಿನ ನಂಬರು ಒಂದು ಕೈಯನ್ನು ಹುಡುಕಲೆಂದೇ ಅಂಟಿಸಿದ್ದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಐದು ವಾರ ಎಂಬತ್ತು ಟ್ರೇಗಳೂ ಬೂದಿಯ ಬಣ್ಣದಲ್ಲೇ ಹೋದವು.

ಜೂನಿನ ಮೂರನೆಯ ಮಂಗಳವಾರ ಬೀಫಾತಿಮಾ ಬೆಳಿಗ್ಗೆ ಬಲದಿಯಾಕ್ಕೆ, ಅಂದರೆ ನಗರಸಭೆಯ ಕಚೇರಿಗೆ, ಹೋಗಬೇಕಾಯಿತು. ಆಹಾರ ಮುಟ್ಟುವವರ ಆರೋಗ್ಯದ ಕಾರ್ಡನ್ನು ನವೀಕರಿಸುವುದು ಅಲ್ಲಿ. ಗೇಟಿನ ಪುಸ್ತಕದಲ್ಲಿ ಒಂಬತ್ತಕ್ಕೆ ಸಹಿ ಹಾಕಿ ಹೋದವಳು ಬಂದದ್ದು ಒಂದು ಗಂಟೆಗೆ. ಆ ನಾಲ್ಕು ಗಂಟೆ ಹರಿಣಾಕ್ಷಿ ಒಬ್ಬಳೇ ಹೊರಳಿಸಿದಳು. ಒತ್ತಬಾರದೆಂದು ನಿಶ್ಚಯಿಸಿ, ದೀಪದ ಕೆಳಗೆ ಕಣ್ಣು ಕಿರಿದುಮಾಡಿ, ಪ್ರತಿ ಹಣ್ಣನ್ನೂ ನೋಡಿದಳು. ನಿಶ್ಚಯಿಸಿದರೂ ಬೆರಳು ಒತ್ತಿತು. ಬೀಫಾತಿಮಾಳ ಟ್ರೇ ಕಡಿಮೆಯಾಗಬಾರದು ಎಂದು ಆ ಹೊತ್ತಿನಲ್ಲಿ ಆದ ಟ್ರೇಗಳಿಗೆಲ್ಲ ಹತ್ತೊಂಬತ್ತರ ಚೀಟಿಯನ್ನೇ ಅಂಟಿಸಿದಳು. ಅದು ಅವಳ ಪ್ರೀತಿ.

ಗುರುವಾರ ಒಂದು ಚಿತ್ರ ಎಲ್ಲರ ಮೊಬೈಲಿಗೂ ಬಂತು. ಯಾವುದೋ ಮನೆಯ ಹುಟ್ಟುಹಬ್ಬದ ಟಾರ್ಟು, ಕತ್ತರಿಸಿದ ತುಂಡು. ಒಂದಕ್ಕೊಂದು ಅಂಟಿಕೊಂಡ ಎರಡು ಹಣ್ಣುಗಳ ನಡುವೆ, ಹತ್ತಿಯ ಎಳೆಗಳಂತೆ, ಬಿಳಿಯ ಬೂಸ್ಟು. ಮೇಲಿನಿಂದ ನೋಡಿದರೆ ಕಾಣದು. ಹೊರಳಿಸಿದ ಬೆರಳಿಗೆ ಮಾತ್ರ ಅದರ ಒದ್ದೆ ತಿಳಿಯಬೇಕಿತ್ತು. ಮಧ್ಯಾಹ್ನದೊಳಗೆ ಶರ್ಕ್‌ನ ಮಳಿಗೆಗೆ ತಪಾಸಣೆಯವರು ಬಂದರು. ಸಂಜೆಯೊಳಗೆ ಕಂಪನಿ ಟಾರ್ಟಿನಿಂದ ಟ್ರೇಗೆ, ಟ್ರೇಯಿಂದ ಚೀಟಿಗೆ ಹಿಂದೆ ನಡೆದುಬಂದು ಹತ್ತೊಂಬತ್ತರ ಮುಂದೆ ನಿಂತಿತು.

ಜೋಸ್ವಿನ್ ಇಬ್ಬರನ್ನೂ ತನ್ನ ಕೋಣೆಗೆ ಕರೆದ. ಪ್ರತಿ ದಿನದ ಮಾಲಿನಿಂದ ಒಂದೊಂದು ಡಬ್ಬಿಯನ್ನು ಮೂರು ದಿನ ಎತ್ತಿಡುವ ಪದ್ಧತಿಯಿತ್ತು. ಮಂಗಳವಾರದ, ಹತ್ತೊಂಬತ್ತು ಎಂದು ಬರೆದ ಡಬ್ಬಿ ಮೇಜಿನ ಮೇಲಿತ್ತು. ಅದರೊಳಗೆ ಹಣ್ಣುಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು.

“ಬೀಫಾತಿಮಾ, ಇದು ನಿನ್ನ ಕೈಯಾ?”

“ಹೌದು ಸರ್.”

“ಟ್ಯೂಸ್‌ಡೇ ಮಾರ್ನಿಂಗ್ ನೀನು ಬಲದಿಯಾದಲ್ಲಿದ್ದೆ. ಗೇಟ್ ಬುಕ್ ನೋಡಿದ್ದೀನಿ.”

“ಬಂದ ಮೇಲೆ ಮಾಡಿದ್ದು ಸರ್. ಅರ್ಜೆಂಟಲ್ಲಿ ಒತ್ತಿಹೋಯ್ತು.”

ಜೋಸ್ವಿನ್ ಹರಿಣಾಕ್ಷಿಯ ಕಡೆ ನೋಡಿದ. ಆ ನೋಟ ದೀರ್ಘವಾಗಿತ್ತು, ಕ್ರೂರವಾಗಿರಲಿಲ್ಲ. “ನೀವೇನಾದ್ರೂ ಹೇಳ್ತೀರಾ ಹರಿಣಕ್ಕ?”

ಹೇಳಬೇಕಾದ ಮಾತು ಬಾಯಲ್ಲಿತ್ತು. ಅದರ ಹಿಂದೆಯೇ ಸೆಪ್ಟೆಂಬರ್ ಇತ್ತು, ಜಗಲಿಯ ಮೂಲೆ ಇತ್ತು. ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಚೀಟಿಗಳು ಅದಲುಬದಲಾಗಿವೆ ಎಂದು ಬರೆದರೆ ಐದು ವಾರಗಳ ದಾಖಲೆಯೇ ಸುಳ್ಳಾಗುತ್ತಿತ್ತು, ಆ ದಾಖಲೆಗೆಲ್ಲ ಜೋಸ್ವಿನ್‌ನ ಸಹಿಯಿತ್ತು. ಅವನು ಡಬ್ಬಿಯ ಮುಚ್ಚಳ ಮುಚ್ಚಿ ವರದಿಯಲ್ಲಿ ಹತ್ತೊಂಬತ್ತು ಎಂದೇ ಬರೆದ.

ಹೊರಗೆ ಬಂದಾಗ ಹರಿಣಾಕ್ಷಿಯ ಕನ್ನಡಕಕ್ಕೆ ಸೆಖೆಯ ಆವಿ ಕವಿಯಿತು. ಏನೂ ಕಾಣದೆ ಅವಳು ಬಾಗಿಲ ಬಳಿಯೇ ನಿಂತಳು.

“ಯಾಕೆ ಹಾಗೆ ಹೇಳಿದೆ?”

“ಹೆಚ್ಚು ಅಂದ್ರೆ ಒಂದು ವಾರ್ನಿಂಗ್ ಕೊಡ್ತಾರೆ ಅಕ್ಕ. ಇಲ್ಲಾಂದ್ರೆ ಪಾತ್ರೆ ತೊಳೆಯುವ ಕಡೆ ಹಾಕ್ತಾರೆ. ನನಗೆ ಬೆರಳು ಉಂಟು, ಎಲ್ಲಿಯಾದ್ರೂ ನಡೀತದೆ. ನಿಮಗೆ ಎಂತ ಉಂಟು, ಆ ಹಳೇ ಸೀರೆಯಾ?” ಎಂದು ನಕ್ಕಳು. ಮತ್ತೆ ದನಿ ತಗ್ಗಿಸಿದಳು. “ನೀವು ಬಾಯಿ ಬಿಟ್ರೆ ಇಬ್ಬರೂ ಹೋಗುದು. ತಿಳೀತಾ? ಬಿಡ್ಬೇಡಿ.”

ವಾರ್ನಿಂಗ್ ಬರಲಿಲ್ಲ. ಭಾನುವಾರ ಬಂದದ್ದು ವೀಸಾ ಕ್ಯಾನ್ಸಲ್ ಮಾಡುವ ಕಾಗದ. ಬೇರೆ ಕಡೆಗೆ ರಿಲೀಸ್ ಕೊಡಿ ಎಂದು ಬೀಫಾತಿಮಾ ಕೇಳಿದಾಗ ಆಡಳಿತದವನು ಕತ್ತೆತ್ತದೆ “ಖಲಾಸ್” ಎಂದನಂತೆ. ಟಿಕೆಟ್ಟು ಮುಂದಿನ ಶನಿವಾರಕ್ಕೆ. ಆ ಆರು ದಿನಗಳಲ್ಲಿ ಹರಿಣಾಕ್ಷಿ ಜೋಸ್ವಿನ್‌ನ ಕೋಣೆಯ ಮುಂದೆ ನಾಲ್ಕು ಬಾರಿ ಹಾದುಹೋದಳು. ಒಮ್ಮೆ ಬಾಗಿಲು ತೆರೆದೇ ಇತ್ತು. ಅವನು ತಲೆಯೆತ್ತಿ “ಏನು?” ಎಂದ. “ಕೈಗವಸು ಮುಗಿದಿದೆ ಸರ್” ಎಂದಳು.

ಶನಿವಾರ ಬೀಫಾತಿಮಾ ತನ್ನ ಶೀತದ ಕೋಟನ್ನು ಅವಳಿಗೆ ಕೊಟ್ಟು ಹೋದಳು. ಅದು ಹರಿಣಾಕ್ಷಿಯದಕ್ಕಿಂತ ದಪ್ಪವಾಗಿತ್ತು.

ಆಮೇಲೆ ಮೇಜಿನ ಎದುರು ಬದಿ ಖಾಲಿಯಾಯಿತು. ಹೊರಳಿಸಲು ಇನ್ನೊಂದು ಕೈ ಇರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ಟ್ರೇಗಳು ಹೊಳೆದವು. ಗುರುವಾರ ಜೋಸ್ವಿನ್ ಬಂದು, ಕೈಗವಸು ತೆಗೆಯಿರಿ ಎಂದ. ಅವಳ ಬರಿಯ ಅಂಗೈಯಲ್ಲಿ ಮೂರು ಹಣ್ಣುಗಳನ್ನಿಟ್ಟ.

“ಕಣ್ಣು ಮುಚ್ಚಿ. ಒಂದು ಸಾಫ್ಟ್ ಇದೆ. ಯಾವುದು ಹೇಳಿ.”

ಹರಿಣಾಕ್ಷಿ ಕಣ್ಣು ಮುಚ್ಚಿದಳು. ಒಂದನ್ನು ಎತ್ತಿಕೊಂಡಳೆಂದು ತಿಳಿದು ಹೊರಳಿಸಿದಳು. ಅವಳ ಬೆರಳುಗಳ ನಡುವೆ ಏನೂ ಇರಲಿಲ್ಲ. ಮೂರೂ ನೆಲದ ಮೇಲೆ ಉರುಳಿಹೋಗಿದ್ದವು. ಅದು ಅವಳಿಗೆ ತಿಳಿದದ್ದು ಕಣ್ಣು ತೆರೆದ ಮೇಲೆ. ಜೋಸ್ವಿನ್ ಬೇರೆ ಕಡೆ ನೋಡುತ್ತಿದ್ದ.

“ಸರ್, ಆ ಮಂಗಳವಾರದ್ದು ನನ್ನ ಕೈ. ಚೀಟಿ ಮಾತ್ರ ಅವಳದ್ದು. ಅವಳನ್ನು ವಾಪಸ್ ಕರೆಸಿ.”

“ಗೊತ್ತು,” ಎಂದ ಜೋಸ್ವಿನ್. “ಅವತ್ತೇ ಗೊತ್ತಿತ್ತು. ಕೇಳಿದ್ನಲ್ಲ ನಿಮ್ಮನ್ನ. ಈಗ ಫೈಲ್ ಕ್ಲೋಸ್ ಆಗಿದೆ ಹರಿಣಕ್ಕ. ವೀಸಾ ಕ್ಯಾನ್ಸಲ್ ಆದವಳನ್ನ ಹೇಗೆ ಕರೆಸೋದು?”

ಸೆಪ್ಟೆಂಬರಿನ ನವೀಕರಣದ ಪಟ್ಟಿಯಲ್ಲಿ ಹದಿನಾಲ್ಕು ಇರುವುದಿಲ್ಲ ಎಂದು ಅವನೇ ತಿಳಿಸಿದ. ಅಲ್ಲಿಯವರೆಗೆ ಒಲೆಯ ಕೋಣೆಯಲ್ಲಿ ರಸ ಕುದಿಸುವ ಕೆಲಸ. ಅದು ಅವನು ಮಾಡಬಹುದಾಗಿದ್ದ ಉಪಕಾರ, ಮಾಡಿದ.

ಒಲೆಯ ಮೇಲೆ ಬ್ಲೂಬೆರಿ ತನ್ನ ನಿಜವಾದ ಬಣ್ಣವನ್ನು ಬಿಡುತ್ತದೆ. ಹಸಿಯಾಗಿ ತಿಂದಾಗ ನಾಲಿಗೆಗೆ ಏನನ್ನೂ ಮೆತ್ತದ ಹಣ್ಣು ಸಕ್ಕರೆಯಲ್ಲಿ ಕುದಿದಾಗ ಕಡು ನೇರಳೆಯಾಗಿ ಪಾತ್ರೆಯ ಅಂಚಿಗೆ, ಸೌಟಿಗೆ, ಮೈಗೆ ಹತ್ತುತ್ತದೆ. ಮೂರನೆಯ ದಿನ ಹರಿಣಾಕ್ಷಿಯ ಬಲಗೈಯ ಎರಡು ಬೆರಳುಗಳ ತುದಿ ಬಿಳಿಯಾಗಿ ಉಬ್ಬಿದ್ದನ್ನು ಪಕ್ಕದ ಬಂಗಾಳಿ ಹೆಂಗಸು ತೋರಿಸಿದಳು. ಸೌಟಿನ ಹಿಡಿ ಕಾದಿತ್ತು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ ತಿಳಿಯದು. ತಣ್ಣೀರಿನ ನಲ್ಲಿಯ ಕೆಳಗೆ ಕೈ ಹಿಡಿದರೆ ನೇರಳೆ ಬಣ್ಣ ಸ್ವಲ್ಪ ಸ್ವಲ್ಪವೇ ಇಳಿಯಿತು. ತಣ್ಣಗಿದೆ ಎಂಬುದು ಕೂಡ ಅವಳಿಗೆ ನೀರನ್ನು ನೋಡಿದ ನೆನಪಿನಿಂದ ಮಾತ್ರ ಗೊತ್ತು.

ಆ ಶುಕ್ರವಾರ ಮಧ್ಯಾಹ್ನ, ಕಟ್ಟು ಹಾಕಿದ ಕೈಯಲ್ಲಿ ಫೋನು ಹಿಡಿಯಲಾರದೆ, ಅದನ್ನು ಹಾಸಿಗೆಯ ಮೇಲಿಟ್ಟು ಅವಳು ಉಳ್ಳಾಲಕ್ಕೆ ಕರೆ ಮಾಡಿದಳು. ಆ ಕಡೆ ಮಳೆಯ ಸದ್ದು, ಯಾರೋ ಮಗುವನ್ನು ಗದರುವ ಸದ್ದು.

“ಅಕ್ಕಾ! ಹೇಗಿದ್ದೀರಿ? ಇಲ್ಲಿ ಬರೀ ಮಳೆ. ಕುಂಟಾಲ ಮುಗಿದೇ ಹೋಗಿದೆ. ಒಂದು ಹಣ್ಣೂ ಸಿಗ್ಲಿಲ್ಲ.”

“ಕೆಲಸ?”

“ಮೀನು ಕಟ್ ಮಾಡುವ ಫ್ಯಾಕ್ಟರಿಯಲ್ಲಿ ಕೇಳಿದ್ದೇನೆ. ಅಲ್ಲಿಯೂ ಐಸೇ. ಅಭ್ಯಾಸ ಉಂಟಲ್ಲ!” ನಕ್ಕಳು. “ನಿಮ್ಮ ಇಕಾಮಾ ಸೆಪ್ಟೆಂಬರಿಗೆ ಆಗ್ತದಲ್ಲ? ಅದೊಂದು ಆದ್ರೆ ಸಾಕು ನನಗೆ.”

ಹಲಗೆಯ ಆಚೆ ರೆಜಿನಾಬಾಯಿಯ ಪ್ರಾರ್ಥನೆಯ ಗುನುಗು ನಿಂತಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು.

“ನಾನು ಹೇಳಿಬಿಟ್ಟೆ ಬೀಫಾತು,” ಎಂದಳು ಹರಿಣಾಕ್ಷಿ. “ಜೋಸ್ವಿನ್ ಸರ್‌ಗೆ. ನನ್ನ ಕೈ ಅಂತ. ನನ್ನದೂ ಸೆಪ್ಟೆಂಬರಿಗೆ ಮುಗೀತದೆ.”

ಕರೆ ಕಡಿದುಹೋಯಿತೇ ಎಂದು ಅವಳು ಬಗ್ಗಿ ಪರದೆಯನ್ನು ನೋಡಿದಳು. ಕರೆಯ ಸೆಕೆಂಡುಗಳು ಒಂದೊಂದಾಗಿ ಏರುತ್ತಿದ್ದವು.

“ಹೇಳುದಾದ್ರೆ ಅವತ್ತೇ ಹೇಳ್ಬೇಕಿತ್ತು ಅಕ್ಕ,” ಎಂದಳು ಬೀಫಾತಿಮಾ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಇಲ್ಲಾಂದ್ರೆ ಸಾಯುವವರೆಗೆ ಹೇಳ್ಬಾರ್ದಿತ್ತು. ಈಗ ಹೇಳಿದ್ರಲ್ಲ, ಹಾಗಾದ್ರೆ ನಾನು ಊರಿಗೆ ಬಂದದ್ದು ಎಂತಕ್ಕೆ?”